ಕಷ್ಟದಲ್ಲೂ ನಂಬಿಕೆ ಬಿಡದೆ ಇರುವುದು ಹೇಗೆ? ಮುಂಬೈ, ಪುಣೆಯ ಕನ್ನಡ ಕ್ರೈಸ್ತರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳೆಲ್ಲ ನಮ್ಮ ಜನ ಬಾಯಿಬಿಟ್ಟು ಕೇಳಿದವು. ಮನೆ ಪ್ರಾರ್ಥನೆ ಮುಗಿದು ಚಹಾ ಕುಡಿಯುವಾಗ ಕೇಳಿದ್ದಾರೆ, ಪರೇಲ್‌ನಲ್ಲಿ ಆಸ್ಪತ್ರೆ ಹೊರಗೆ ಫುಟ್‌ಪಾತ್ ಮೇಲೆ ಕೂತು ಕೇಳಿದ್ದಾರೆ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅಳುತ್ತಾ ಕೇಳಿದ್ದಾರೆ. ಬೀದರ್, ಕಲಬುರಗಿ ಕಡೆಯ ಮೆಥಡಿಸ್ಟರು, ಮಂಗಳೂರು, ಉಡುಪಿಯ ಬಾಸೆಲ್ ಮಿಶನ್ ಮನೆತನದವರು, ಕೆಥೋಲಿಕರು, ಹೊಸದಾಗಿ ನಂಬಿದವರು, ಎಲ್ಲರ ಪ್ರಶ್ನೆಯೂ ಹೆಚ್ಚು ಕಮ್ಮಿ ಒಂದೇ. ನಾನು ಕನ್ನಡ ಸಭೆಯ ಒಬ್ಬ ಸಾಧಾರಣ ಸದಸ್ಯೆ. ಊರಿಂದ ಚಿಕಿತ್ಸೆಗೆ ಬಂದವರನ್ನು ನೋಡಲು ಹೋಗುತ್ತಿರುತ್ತೇನೆ. ದೇವಶಾಸ್ತ್ರದ ದೊಡ್ಡ ದೊಡ್ಡ ಮಾತು ನಿಮ್ಮ ಅಯ್ಯನವರ ಹತ್ತಿರ, ಫಾದರ್ ಹತ್ತಿರ ಕೇಳಿ. ನನಗೆ ಗೊತ್ತಿರುವಷ್ಟನ್ನು ನೇರವಾಗಿ ಬರೆಯುತ್ತೇನೆ.

ನಾನೇನು ಪಾಪ ಮಾಡಿದ್ದೆ ಅಂತ ದೇವರು ನನಗೆ ಈ ಶಿಕ್ಷೆ ಕೊಟ್ಟ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಯೇಸುವಿನ ಶಿಷ್ಯರೂ ಇದನ್ನೇ ಕೇಳಿದ್ದರು. ಹುಟ್ಟುಕುರುಡ ಒಬ್ಬನನ್ನು ನೋಡಿ, ಪಾಪ ಮಾಡಿದವನು ಇವನೋ, ಇವನ ಅಪ್ಪ ಅಮ್ಮನೋ ಅಂದರು. ಇವನೂ ಅಲ್ಲ, ಅವರೂ ಅಲ್ಲ ಅಂತ ಯೇಸು ಉತ್ತರ ಕೊಟ್ಟರು (ಯೋಹಾನ 9). ಇನ್ನೊಂದು ಸಲ ಸಿಲೊವಾಮಿನಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಸತ್ತವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಅಪರಾಧಿಗಳು ಅಂದುಕೊಂಡಿರಾ, ಅಲ್ಲ ಅಂತ ಯೇಸುವೇ ಎತ್ತಿ ಹೇಳಿದರು (ಲೂಕ 13). ಮಳೆಗಾಲದಲ್ಲಿ ಮುಂಬೈಯ ಯಾವುದೋ ಹಳೇ ಬಿಲ್ಡಿಂಗ್ ಕುಸಿಯಿತು ಅಂತ ಸುದ್ದಿ ಬಂದಾಗೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಒಳಗೆ ಮಲಗಿದ್ದವರ ಪಾಪ ಲೆಕ್ಕ ಹಾಕಲು ನಾವು ಯಾರು? ಅದೇ ಜಾಗದಲ್ಲಿ ಯೇಸು, ನೀವೆಲ್ಲರೂ ದೇವರ ಕಡೆ ತಿರುಗಿಕೊಳ್ಳಿ ಅಂತಲೂ ಹೇಳಿದ್ದಾರೆ. ಅಂದರೆ ಸತ್ತವರ ಲೆಕ್ಕ ಬಿಟ್ಟು ನಿಮ್ಮ ಬದುಕು ನೋಡಿಕೊಳ್ಳಿ ಅಂತ.

ಒಂದು ಮಾತು ಮಾತ್ರ ಬೇರೆ. ಕೆಲವು ನೋವಿಗೆ ಕಾರಣ ನಮಗೆ ಗೊತ್ತಿರುತ್ತದೆ. ಇಪ್ಪತ್ತು ವರ್ಷ ಗುಟ್ಕಾ, ತಂಬಾಕು ಹಾಕಿದ ಬಾಯಿಗೆ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ, ಕುಡಿತದಿಂದ ಲಿವರ್ ಹಾಳಾಗುತ್ತದೆ. ಅದು ದೇಹಕ್ಕೆ ಆದ ಪೆಟ್ಟು. ದೇವರು ಹೊಂಚು ಹಾಕಿ ಕೊಟ್ಟ ಏಟು ಅಂತ ಯಾಕೆ ತಿಳಿಯಬೇಕು? ಅಂಥವರಿಗೂ ಯೇಸು ಅಷ್ಟೇ ಹತ್ತಿರ. ಮಂಚದ ಪಕ್ಕ ನಿಂತು "ಆಗಲೇ ಹೇಳಿದ್ದೆ, ಕೇಳಲಿಲ್ಲ" ಅನ್ನುವ ಸಂಬಂಧಿಕರಿಗೆ ನನ್ನ ಕೈಮುಗಿದ ಕೋರಿಕೆ: ದಯವಿಟ್ಟು ಬೇಡ. ಅವರಿಗೆ ಗೊತ್ತಿದೆ. ನಮಗಿಂತ ಚೆನ್ನಾಗಿ ಗೊತ್ತಿದೆ.

ನಂಬಿಕೆ ಕಮ್ಮಿ ಇದ್ದಿದ್ದಕ್ಕೇ ವಾಸಿಯಾಗಲಿಲ್ಲ ಅಂತ ಪ್ರಾರ್ಥನೆಗೆ ಬಂದವರು ಹೇಳಿ ಹೋದರು. ನಿಜವಾ?

ಅಲ್ಲ. ಈ ಮಾತು ಎಷ್ಟು ಜನರ ಎದೆ ಒಡೆದಿದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಪೌಲನನ್ನೇ ತೆಗೆದುಕೊಳ್ಳಿ. ಅವನ ಕೈಯಿಂದ ಎಷ್ಟೋ ರೋಗಿಗಳು ವಾಸಿಯಾಗಿದ್ದರು. ಆದರೆ ಅವನ ಶರೀರದಲ್ಲೇ ಒಂದು ಮುಳ್ಳು ಇತ್ತು. ಅದು ಏನು ಅಂತ ಅವನು ಬರೆದಿಲ್ಲ. ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. ನನ್ನ ಕೃಪೆ ನಿನಗೆ ಸಾಕು ಅನ್ನುವ ಉತ್ತರ ಬಂತು (2 ಕೊರಿಂಥ 12). ಅವನ ಜೊತೆಯ ತಿಮೊಥೆಗೆ ಮೇಲಿಂದ ಮೇಲೆ ಹೊಟ್ಟೆ ಕೆಡುತ್ತಿತ್ತು. ನಿನಗೆ ನಂಬಿಕೆ ಇಲ್ಲ ಅಂತ ಪೌಲ ಬೈಯಲಿಲ್ಲ, ಬರೀ ನೀರು ಕುಡಿಯಬೇಡ, ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಆ ಕಾಲದ ಔಷಧಿ ಹೇಳಿಕೊಟ್ಟ. ತ್ರೊಫಿಮ ಕಾಯಿಲೆ ಬಿದ್ದಾಗ ಅವನನ್ನು ಮಿಲೇತದಲ್ಲೇ ಬಿಟ್ಟು ಬರಬೇಕಾಯಿತು (2 ತಿಮೊಥೆ 4:20). ಎಪಫ್ರೊದೀತ ಸಾಯುವ ಸ್ಥಿತಿಗೆ ಹೋಗಿ ಬದುಕಿ ಬಂದ. ಇವರೆಲ್ಲ ನಂಬಿಕೆ ಕಮ್ಮಿಯವರಾ? ಅಪೊಸ್ತಲನ ತಂಡದಲ್ಲೇ ಒಬ್ಬರು ವಾಸಿಯಾದರು, ಒಬ್ಬರು ಆಗಲಿಲ್ಲ, ಒಬ್ಬರು ಜೀವನಪೂರ್ತಿ ಹೊಟ್ಟೆನೋವು ಸಹಿಸಿಕೊಂಡೇ ಸೇವೆ ಮಾಡಿದರೇನೋ.

ಯೇಸು ವಾಸಿಮಾಡುತ್ತಾರೆ ಅಂತ ನಾನು ಪೂರ್ತಿ ನಂಬುತ್ತೇನೆ, ಪ್ರತಿ ಪೇಷಂಟ್ ಹತ್ತಿರವೂ ಅದಕ್ಕಾಗಿ ಪ್ರಾರ್ಥನೆ ಮಾಡುತ್ತೇನೆ. ಆದರೆ ವಾಸಿಯಾಗುವುದು ನಮ್ಮ ನಂಬಿಕೆಗೆ ಕೊಟ್ಟ ಮಾರ್ಕ್ಸ್ ಕಾರ್ಡ್ ಅಲ್ಲ. ಮಗನನ್ನು ಕರೆದುಕೊಂಡು ಬಂದ ಒಬ್ಬ ಅಪ್ಪ, ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯ ಮಾಡಿ ಅಂತ ಕೂಗಿದ (ಮಾರ್ಕ 9). ಅರ್ಧ ನಂಬಿಕೆ, ಅರ್ಧ ಭಯ. ಅಷ್ಟು ಸಾಕಾಯಿತು ಯೇಸುವಿಗೆ.

ಔಷಧಿ ತಗೊಂಡರೆ ದೇವರ ಮೇಲೆ ಭರವಸೆ ಇಲ್ಲ ಅಂತ ಆಗಲ್ವಾ?

ಇಲ್ಲ. ಪೌಲನ ಜೊತೆಗಿದ್ದ ಲೂಕ ವೈದ್ಯ (ಕೊಲೊಸ್ಸೆ 4:14). ಹಿಜ್ಕೀಯ ರಾಜ ಸಾಯುವಂತಾದಾಗ, ಗುಣವಾಗುತ್ತೀ ಅಂತ ದೇವರ ಮಾತು ತಂದ ಪ್ರವಾದಿ ಯೆಶಾಯನೇ ಅಂಜೂರದ ಉಂಡೆ ತಂದು ಹುಣ್ಣಿನ ಮೇಲೆ ಹಚ್ಚಿ ಅಂದ (2 ಅರಸು 20). ಮಾತೂ ದೇವರದ್ದೇ, ಮದ್ದೂ ಹಚ್ಚಿಸಿದರು.

ಕೀಮೋ ಅರ್ಧಕ್ಕೆ ಬಿಡಬೇಡಿ. ಇನ್ಸುಲಿನ್, ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ, ಮನಸ್ಸಿನ ಕಾಯಿಲೆಯ ಮಾತ್ರೆ, ಯಾವುದನ್ನೂ ಡಾಕ್ಟರ್ ಹೇಳದೆ ನಿಲ್ಲಿಸಬೇಡಿ. ಟಿಬಿ ಔಷಧಿ ಸಾಮಾನ್ಯವಾಗಿ 6 ತಿಂಗಳು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಎರಡು ತಿಂಗಳಿಗೆ ಕೆಮ್ಮು ನಿಂತಿತು, ದೇವರು ವಾಸಿಮಾಡಿದ ಅಂತ ಬಿಟ್ಟರೆ ಅದು ಔಷಧಿಗೆ ಬಗ್ಗದ ಟಿಬಿಯಾಗಿ ತಿರುಗಿ ಬರಬಹುದು, ಮನೆಯವರಿಗೂ ಹರಡಬಹುದು. ಮಾತ್ರೆ ಬಿಸಾಡು ಅಂತ ಯಾರಾದರೂ ಸ್ಟೇಜ್ ಮೇಲಿಂದ ಹೇಳಿದರೆ, ಅವರ ಪ್ರಾರ್ಥನೆಗೆ ಆಮೆನ್ ಹೇಳಿ, ಆ ಮಾತಿಗೆ ಮಾತ್ರ ಹೇಳಬೇಡಿ.

ದೇವರ ಮೇಲೆ ಸಿಟ್ಟು ಬರುತ್ತೆ. ಬಾಯಿಗೆ ಬಂದಂತೆ ಬೈದಿದ್ದೇನೆ. ಕ್ಷಮೆ ಇದೆಯಾ?

ಯಾರನ್ನು ಬೈದಿರಿ? ದೇವರನ್ನೇ ತಾನೇ. ಅಂದರೆ ಇನ್ನೂ ಅವರ ಜೊತೆ ಮಾತಾಡುತ್ತಾ ಇದ್ದೀರಿ. ಅದು ಸಣ್ಣ ವಿಷಯ ಅಲ್ಲ.

ಕೀರ್ತನೆಗಳು ಒಟ್ಟು 150. ಅದರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ದೂರು, ಅಳು, ಗೋಳು. 13ನೇ ಕೀರ್ತನೆ "ಇನ್ನೂ ಎಷ್ಟು ದಿನ" ಅಂತ ಮತ್ತೆ ಮತ್ತೆ ಕೇಳುತ್ತದೆ. 88ನೇದ್ದು ಓದಿ. ಉಳಿದ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸ್ತುತಿಗೆ ತಿರುಗುತ್ತವೆ, ಇದು ತಿರುಗುವುದೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದನ್ನು ಬೈಬಲ್‌ನಿಂದ ಯಾರೂ ತೆಗೆದು ಹಾಕಲಿಲ್ಲ. ಯೆರೆಮೀಯ ತಾನು ಹುಟ್ಟಿದ ದಿನವನ್ನೇ ಶಪಿಸಿದ. ಯೋಬ ಅಧ್ಯಾಯಗಟ್ಟಲೆ ದೇವರ ಜೊತೆ ಜಗಳ ಆಡಿದ, ಅವನ ಮೂವರು ಗೆಳೆಯರು ದೇವರ ಪರವಾಗಿ ವಕೀಲರ ಹಾಗೆ ವಾದ ಮಾಡಿದರು. ಕೊನೆಗೆ ದೇವರು ಯಾರ ಮೇಲೆ ಕೋಪ ಮಾಡಿಕೊಂಡರು? ಆ ಗೆಳೆಯರ ಮೇಲೆ. ನನ್ನ ಸೇವಕ ಯೋಬನ ಹಾಗೆ ನೀವು ಸರಿಯಾಗಿ ಮಾತಾಡಲಿಲ್ಲ ಅಂದರು (ಯೋಬ 42:7). ಯೇಸುವೇ ಶಿಲುಬೆ ಮೇಲೆ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಅಂತ 22ನೇ ಕೀರ್ತನೆಯ ಮಾತನ್ನು ಕೂಗಿದರು. ಕೂಗಿದ್ದು ಕೂಡ "ನನ್ನ ದೇವರೇ" ಅಂತಲೇ.

ಹಾಗಾಗಿ ಸಿಟ್ಟನ್ನು ನುಂಗಿಕೊಂಡು "ಎಲ್ಲಾ ಕರ್ತನ ಚಿತ್ತ" ಅಂತ ನಗುಮುಖ ಹಾಕಿಕೊಂಡು ಓಡಾಡಬೇಡಿ. ಒಬ್ಬರೇ ಕೂತು ಅವರಿಗೇ ಹೇಳಿ.

ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ. ಕೂತರೆ ಬಾಯೇ ಬರಲ್ಲ.

ಆಗುತ್ತದೆ ಹಾಗೆ. ಕಾಯಿಲೆಯವರ ಸೇವೆ ಮಾಡಿ ಮಾಡಿ ಸುಸ್ತಾದವರಿಗಂತೂ ಇದು ತುಂಬಾ ಸಾಮಾನ್ಯ. ಕೆಲವು ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ.

ನಿಮ್ಮ ಮಾತು ಬತ್ತಿದ್ದರೆ ಬೇರೆಯವರ ಮಾತು ಎರವಲು ತಗೊಳ್ಳಿ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಬಾಯಿಪಾಠ ಇದೆಯಲ್ಲ, ಅದು ಸಾಕು. ಜಪಮಾಲೆ ರೂಢಿ ಇದ್ದವರು ಮಣಿ ಎಣಿಸಿ. ಕಲ್ಯಾಣ್ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹಿಡಿ ಹಿಡಿದು ನೇತಾಡುವಾಗ ಇಡೀ ಅಧ್ಯಾಯ ಓದಲು ಆಗಲ್ಲ, ಆದರೆ "ಕರ್ತನೇ, ಕರುಣಿಸು" ಅನ್ನಬಹುದು, ಕುರ್ಲಾದಿಂದ ಪರೇಲ್ ತನಕ ಅದನ್ನೇ ಹೇಳಿಕೊಂಡು ಹೋಗಬಹುದು. ಅದೂ ಆಗದಿದ್ದರೆ? ಮಾತಿಲ್ಲದ ನರಳಾಟವನ್ನೂ ಆತ್ಮನು ಪ್ರಾರ್ಥನೆಯಾಗಿ ಮಾಡುತ್ತಾನೆ ಅಂತ ಪೌಲ ಬರೆದಿದ್ದಾನೆ (ರೋಮಾ 8:26).

ಇನ್ನೂ ಒಂದು ಕಥೆ ಇದೆ, ನನಗೆ ಬಹಳ ಇಷ್ಟದ್ದು. ಪಾರ್ಶ್ವವಾಯು ಆದ ಒಬ್ಬನನ್ನು ನಾಲ್ಕು ಜನ ಹಾಸಿಗೆ ಸಮೇತ ಹೊತ್ತು ತಂದು, ಮನೆ ತುಂಬಾ ಜನ ಇದ್ದಿದ್ದಕ್ಕೆ ಮಾಳಿಗೆ ಬಿಚ್ಚಿ ಮೇಲಿಂದ ಇಳಿಸಿದರು. ಯೇಸು ಅವರ ನಂಬಿಕೆ ನೋಡಿ ಮಾತಾಡಿದರು ಅಂತ ಬರೆದಿದೆ (ಮಾರ್ಕ 2). ಹೊತ್ತವರ ನಂಬಿಕೆಯನ್ನೂ ನೋಡಿದರು. ಮಲಗಿದವನು ಏನು ನಂಬಿದ್ದ ಅಂತ ಅಲ್ಲಿ ಹೇಳಿಯೇ ಇಲ್ಲ. ನಿಮಗೆ ಈಗ ಪ್ರಾರ್ಥನೆ ಆಗದಿದ್ದರೆ, ನಿಮ್ಮನ್ನು ಹೊತ್ತುಕೊಂಡು ಹೋಗುವ ನಾಲ್ಕು ಜನರಿಗೆ ಫೋನ್ ಮಾಡಿ. "ನನಗೆ ಆಗ್ತಿಲ್ಲ, ನೀವು ಮಾಡಿ" ಅಂತ ಹೇಳಿ, ಅಷ್ಟೇ.

ವರ್ಷಗಳಿಂದ ಒಳಗೆ ಏನೂ ಅನಿಸ್ತಿಲ್ಲ. ದೇವರು ಇದ್ದಾರೋ ಇಲ್ಲವೋ ಅನ್ನೋ ಹಾಗಿದೆ.

ಕೋಲ್ಕತ್ತಾದ ಮದರ್ ತೆರೆಸಾ 1997ರಲ್ಲಿ ತೀರಿಕೊಂಡರು. 2007ರಲ್ಲಿ ಅವರ ಖಾಸಗಿ ಪತ್ರಗಳು ಹೊರಬಂದಾಗ ಜನ ಬೆರಗಾದರು. ಹತ್ತಿರ ಹತ್ತಿರ 50 ವರ್ಷ ಅವರಿಗೆ ಒಳಗೆ ಕತ್ತಲೆ, ದೇವರ ಸುಳಿವೇ ಇಲ್ಲದ ಹಾಗೆ. ಅದೇ ಐವತ್ತು ವರ್ಷ ಅವರು ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿಕೊಂಡು ಬಂದರು, ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂತರು. ಸ್ನಾನಿಕ ಯೋಹಾನನೂ ಅಷ್ಟೇ. ನದಿಯಲ್ಲಿ ನಿಂತು ಯೇಸುವನ್ನು ಬೆರಳು ಮಾಡಿ ತೋರಿಸಿದವನೇ ಜೈಲಲ್ಲಿ ಕೂತಾಗ, ಬರಬೇಕಾದವರು ನೀವೇನಾ, ಇಲ್ಲ ಬೇರೆಯವರಿಗೆ ಕಾಯಬೇಕಾ ಅಂತ ಹೇಳಿಕಳಿಸಿದ (ಮತ್ತಾಯ 11). ಯೇಸು ಬೈಯಲಿಲ್ಲ. ಅವನನ್ನು ಎಲ್ಲರ ಮುಂದೆ ಹೊಗಳಿದರು.

ಅನಿಸಿಕೆ ಬರುತ್ತದೆ, ಹೋಗುತ್ತದೆ. ಅನಿಸದೆಯೂ ಹಿಡಿದುಕೊಂಡಿದ್ದೀರಿ ಅಂದರೆ ನಿಮ್ಮ ನಂಬಿಕೆ ಗಟ್ಟಿ ಇದೆ ಅಂತಲೇ ನಾನು ಹೇಳುತ್ತೇನೆ. ಜೊತೆಗೆ ನಿದ್ದೆ ಇಲ್ಲ, ಊಟ ಸೇರಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅಂತ ವಾರಗಟ್ಟಲೆ ಆಗಿದ್ದರೆ ಅದು ಡಿಪ್ರೆಶನ್ ಇರಬಹುದು. ಡಾಕ್ಟರನ್ನು ನೋಡಿ.

ನಮ್ಮ ಕಡೆಯವರಲ್ಲಿ ಇಷ್ಟು ಕಷ್ಟ ಉಂಡು ನಿಂತವರು ಯಾರಾದರೂ ಇದ್ದಾರಾ? ಬೈಬಲ್ ಕಾಲದ್ದು ಬೇಡ, ನಮ್ಮ ಮಣ್ಣಿನವರು ಹೇಳಿ.

ಪಂಡಿತಾ ರಮಾಬಾಯಿ. ಮರಾಠಿಯವರು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿದರು. ರಮಾಬಾಯಿ ಹುಟ್ಟಿದ್ದು ಅಲ್ಲೇ, 1858ರಲ್ಲಿ.

ಆಮೇಲಿನದು ಓದಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಕೆಲವೇ ತಿಂಗಳ ಅಂತರದಲ್ಲಿ ಹೋದರು. ಉಳಿದವರು ಅವರು ಮತ್ತು ಅಣ್ಣ, ದೇಶದ ಉದ್ದಗಲ ಕಾಲ್ನಡಿಗೆಯಲ್ಲಿ ಅಲೆದರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಮದುವೆಯಾಯಿತು, ಒಂದು ಹೆಣ್ಣುಮಗು ಹುಟ್ಟಿತು, 1882ರಲ್ಲಿ ಗಂಡ ಹೋದರು. ಇಷ್ಟಾಗುವಾಗ ಅವರಿಗೆ ವಯಸ್ಸು ಇಪ್ಪತ್ತನಾಲ್ಕು ಕೂಡ ತುಂಬಿರಲಿಲ್ಲ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡರು. ಹಿಂತಿರುಗಿ 1889ರಲ್ಲಿ ಇದೇ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದನ್ನು ಪುಣೆಗೆ ತಂದರು. ನಂತರ ಪುಣೆಯ ಆಚೆ ಕೇಡಗಾಂವ್‌ನಲ್ಲಿ ಮುಕ್ತಿ ಮಿಶನ್. 1896–97ರ ಬರಗಾಲದಲ್ಲಿ ಮಧ್ಯ ಭಾರತಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದರು. ಬರ ತನ್ನ ಮನೆಯನ್ನೇ ನುಂಗಿದ್ದನ್ನು ನೋಡಿದವರು ಇನ್ನೊಂದು ಬರದ ಮಕ್ಕಳನ್ನು ಹುಡುಕಿಕೊಂಡು ಹೋದದ್ದು ನನ್ನನ್ನು ಯಾವಾಗಲೂ ಅಲುಗಾಡಿಸುತ್ತದೆ.

ದೀಕ್ಷಾಸ್ನಾನ ಆದ ಮೇಲೆ ಕಷ್ಟ ನಿಂತಿತಾ? ಇಲ್ಲ. ಹಿಂದೂ ಸಮಾಜದವರೂ ದೂರ ಮಾಡಿದರು, ಸ್ವತಂತ್ರವಾಗಿ ಯೋಚನೆ ಮಾಡುತ್ತಾರೆ ಅಂತ ಚರ್ಚಿನ ಕೆಲವರಿಗೂ ಅಸಮಾಧಾನ. ಕಿವಿ ಕೇಳಿಸದಂತಾಯಿತು. ವಯಸ್ಸಾದ ಮೇಲೂ ಹೀಬ್ರೂ, ಗ್ರೀಕ್ ಇಟ್ಟುಕೊಂಡು ಬೈಬಲನ್ನು ಸಾಮಾನ್ಯ ಹೆಂಗಸರಿಗೆ ಅರ್ಥವಾಗುವ ಮರಾಠಿಗೆ ತರುವ ಕೆಲಸದಲ್ಲಿ ಕೂತಿದ್ದರು. 1921ರಲ್ಲಿ ಇದ್ದ ಒಬ್ಬಳೇ ಮಗಳು ಮನೋರಮಾ ತೀರಿಕೊಂಡಳು. ಆ ದುಃಖದಲ್ಲೂ ಅನುವಾದ ಮುಗಿಸಿ, 1922ರ ಏಪ್ರಿಲ್‌ನಲ್ಲಿ ಕಣ್ಣು ಮುಚ್ಚಿದರು.

ಕಲಬುರಗಿಯಿಂದ ಪುಣೆಗೆ ಬರುವ ರೈಲು ದೌಂಡ್ ದಾಟಿದ ಮೇಲೆ ಕೇಡಗಾಂವ್ ಹಾದು ಬರುತ್ತದೆ. ಮುಕ್ತಿ ಮಿಶನ್ ಈಗಲೂ ಅಲ್ಲಿದೆ. ಮುಂದಿನ ಸಲ ಆ ದಾರಿಯಲ್ಲಿ ಬಂದರೆ ಮಕ್ಕಳಿಗೆ ತೋರಿಸಿ.

ಹರಕೆ ಹೊತ್ತರೆ, ಒಂಬತ್ತು ವಾರ ನೊವೆನಾ ಮಾಡಿದರೆ ಕೇಳಿದ್ದು ಆಗುತ್ತಾ?

ಮಾಹೀಮ್‌ನ ಸಂತ ಮೈಕಲ್ ಚರ್ಚಿನಲ್ಲಿ 1948ರಿಂದ ಬುಧವಾರದ ನೊವೆನಾ (ಒಂಬತ್ತು ಸಲ ಬಿಡದೆ ಮಾಡುವ ಪ್ರಾರ್ಥನೆ) ನಡೆಯುತ್ತಿದೆ, ಎಲ್ಲಾ ಧರ್ಮದವರೂ ಬರುತ್ತಾರೆ. ಸೆಪ್ಟೆಂಬರ್‌ನಲ್ಲಿ ಬಾಂದ್ರಾದ ಮೌಂಟ್ ಮೇರಿ ಹಬ್ಬಕ್ಕೆ ಹೋದರೆ ಹರಕೆ ಒಪ್ಪಿಸಲು ಮೇಣದ ಕೈ, ಕಾಲು, ಮನೆ, ಮಗು ಮಾರುತ್ತಿರುತ್ತಾರೆ. ನಾನು ಪ್ರೊಟೆಸ್ಟೆಂಟ್, ನಮ್ಮಲ್ಲಿ ಈ ಪದ್ಧತಿ ಇಲ್ಲ. ಆದರೂ ಮೇಣದ ಕಾಲು ಹಿಡಿದು ಬಿಸಿಲಲ್ಲಿ ಕ್ಯೂ ನಿಂತ ತಾಯಿಯನ್ನು ನೋಡಿದರೆ ಗೌರವ ಬರುತ್ತದೆ, ಅವಳು ತನ್ನ ನೋವನ್ನು ಎಲ್ಲಿಗೆ ತರಬೇಕೋ ಅಲ್ಲಿಗೆ ತಂದಿದ್ದಾಳೆ. ಆದರೆ ವಾರ ಎಣಿಸಿ, ಮೇಣ ಕೊಟ್ಟು ದೇವರ ಕೈಯಿಂದ ಏನನ್ನೂ ಕೀಳಲು ಆಗುವುದಿಲ್ಲ. ಇದನ್ನು ಆ ಚರ್ಚಿನ ಫಾದರ್‌ಗಳೂ ಒಪ್ಪುತ್ತಾರೆ. ಗೆತ್ಸೇಮನೆ ತೋಟದಲ್ಲಿ ಯೇಸುವೇ, ಈ ಪಾತ್ರೆ ನನ್ನಿಂದ ದಾಟಿ ಹೋಗಲಿ ಅಂತ ಮೂರು ಸಲ ಬೇಡಿದರು. ದಾಟಿ ಹೋಗಲಿಲ್ಲ.

ಕೆಲಸ ಹೋಗಿದೆ, ಸಾಲ ಇದೆ. "ಬೀಜದ ಕಾಣಿಕೆ" ಹಾಕಿದರೆ ನೂರರಷ್ಟು ಬರುತ್ತೆ ಅಂತಾರೆ.

ಹಾಕಬೇಡಿ. ಸಾಲ ತಂದು ಕಾಣಿಕೆ ಹಾಕುವುದಂತೂ ಬೇಡವೇ ಬೇಡ. ಮನಸ್ಸಿದ್ದರೆ ಇದ್ದದ್ದಕ್ಕೆ ತಕ್ಕ ಹಾಗೆ ಕೊಟ್ಟರೆ ಸಾಕು, ಇಲ್ಲದ್ದನ್ನು ಕೇಳುವುದಿಲ್ಲ ಅಂತ ಪೌಲ ಸ್ಪಷ್ಟವಾಗಿ ಬರೆದಿದ್ದಾನೆ (2 ಕೊರಿಂಥ 8:12). ವಿಧವೆಯರ ಮನೆ ನುಂಗುವವರನ್ನು ಯೇಸು ಎಷ್ಟು ಕಠಿಣವಾಗಿ ಬೈದರು ಅಂತ ಮಾರ್ಕ 12ರಲ್ಲಿ ಓದಿ. ನಾಕಾದಲ್ಲಿ ಬೆಳಿಗ್ಗೆಯಿಂದ ನಿಂತು ಕೂಲಿ ಸಿಗದೆ ವಾಪಸ್ ಬಂದ ಅಣ್ಣನಿಂದ ಕಾಣಿಕೆ ನಿರೀಕ್ಷೆ ಮಾಡುವ ಸಭೆ, ಮೊದಲು ಅವನ ಮನೆಗೆ ಅಕ್ಕಿ ಕಳಿಸಬೇಕು. ಆದಿಸಭೆಯಲ್ಲಿ ಕೊರತೆ ಇದ್ದವರಿಗೆ ಹಂಚುತ್ತಿದ್ದರು. ನಿಮ್ಮ ಸಭೆಯ ಹಿರಿಯರಿಗೆ ಸಾಲದ ವಿಷಯ ನಾಚಿಕೆ ಬಿಟ್ಟು ಹೇಳಿ.

ಗಂಡ ಹೊಡೀತಾನೆ. "ನಿನ್ನ ಶಿಲುಬೆ, ತಾಳಿಕೋ, ಪ್ರಾರ್ಥನೆ ಮಾಡು" ಅಂತ ಸಭೆಯಲ್ಲಿ ಹೇಳ್ತಾರೆ.

ತಂಗೀ, ಏಟು ತಿನ್ನುವುದು ನಿನ್ನ ಶಿಲುಬೆ ಅಲ್ಲ. ಯೇಸು ತಾವಾಗಿ ಶಿಲುಬೆ ಹೊತ್ತರು, ಅದೂ ತಮ್ಮ ಸಮಯ ಬಂದಾಗ. ಅದಕ್ಕೂ ಮುಂಚೆ ನಜರೇತಿನ ಜನ ಬೆಟ್ಟದಿಂದ ದೊಬ್ಬಲು ಬಂದಾಗ ನಡುವಿನಿಂದ ಹೊರಟುಹೋದರು (ಲೂಕ 4). ಪೌಲನನ್ನು ಕೊಲ್ಲಲು ಕಾದಿದ್ದಾಗ ಶಿಷ್ಯರು ಅವನನ್ನು ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿ ಕಳಿಸಿದರು (ಅಪೊಸ್ತಲರ ಕೃತ್ಯ 9). ತಪ್ಪಿಸಿಕೊಳ್ಳುವುದು ಅಪನಂಬಿಕೆ ಅಂತ ಯಾರೂ ಅವರಿಗೆ ಹೇಳಲಿಲ್ಲ. ಮೊದಲು ನೀನು ಮತ್ತು ಮಕ್ಕಳು ಸುರಕ್ಷಿತ ಜಾಗಕ್ಕೆ ಹೋಗಿ. ತುರ್ತಿಗೆ 112, ಹೆಣ್ಣುಮಕ್ಕಳ ಸಹಾಯವಾಣಿ 181. ಮನೆಯೊಳಗಿನ ಹಿಂಸೆ ತಡೆಯುವ 2005ರ ಕಾನೂನು ಇದೆ, ಅದರಲ್ಲಿ ರಕ್ಷಣೆಯ ಆದೇಶವನ್ನೂ ವಾಸಕ್ಕೆ ಮನೆಯ ಹಕ್ಕನ್ನೂ ಕೇಳಬಹುದು. ಕ್ಷಮಿಸುವ ಮಾತು ಆಮೇಲೆ. ಕ್ಷಮಿಸಿದರೂ ಅದೇ ಮನೆಗೆ ಹೋಗಬೇಕು ಅಂತೇನೂ ಇಲ್ಲ.

ನಂಬಿದ್ದಕ್ಕೆ ಮನೆಯವರು, ಊರಿನವರು ಮಾತು ಬಿಟ್ಟಿದ್ದಾರೆ. ಏನು ಮಾಡಲಿ?

ನೀವು ಮಾತು ಬಿಡಬೇಡಿ. ಹಬ್ಬಕ್ಕೆ ಫೋನ್ ಮಾಡಿ, ಅಮ್ಮನ ಔಷಧಿಗೆ ದುಡ್ಡು ಕಳಿಸಿ. ಕೇಳಿದರೆ ಮೃದುವಾಗಿ, ಮರ್ಯಾದೆಯಿಂದ ಉತ್ತರ ಕೊಡಿ ಅಂತ ಪೇತ್ರ ಬರೆದಿದ್ದಾನೆ (1 ಪೇತ್ರ 3). ಅವರ ದೇವರನ್ನು ಹೀಯಾಳಿಸಿ ಬೈಸಿಕೊಂಡರೆ ಅದು ಕ್ರಿಸ್ತನಿಗಾಗಿ ಪಟ್ಟ ಕಷ್ಟ ಆಗುವುದಿಲ್ಲ.

ಊರಿಂದ ಪೇಷಂಟ್ ಕರ್ಕೊಂಡು ಬಂದಿದ್ದೇವೆ. ಮುಂಬೈಯಲ್ಲಿ ಯಾರೂ ಗೊತ್ತಿಲ್ಲ, ಹಿಂದಿಯೂ ಬರಲ್ಲ.

ನಂಬಿಕೆಯ ಪ್ರಶ್ನೆ ಅಲ್ಲ ಅಂತ ಅನಿಸಬಹುದು. ನನಗೆ ಇದೇ ದೊಡ್ಡ ಪ್ರಶ್ನೆ. ಒಂಟಿಯಾಗಿ ಬಿಟ್ಟರೆ ಎಂಥ ನಂಬಿಕೆಯೂ ಸೊರಗುತ್ತದೆ.

ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಿಂದ ಇದೆ, ದೇಶದ ಎಲ್ಲಾ ಕಡೆಯಿಂದ ಜನ ಬರುತ್ತಾರೆ, ಕಾಯುವುದು ಜಾಸ್ತಿ. ಅಲ್ಲಿ ಮೊದಲು ಮೆಡಿಕಲ್ ಸೋಶಿಯಲ್ ವರ್ಕರ್‌ಗಳನ್ನು ಕಾಣಿ. ದುಡ್ಡಿನ ಸಹಾಯ, ಉಳಿದುಕೊಳ್ಳುವ ಜಾಗ ಎರಡರ ಬಗ್ಗೆಯೂ ಅವರೇ ದಾರಿ ತೋರಿಸುತ್ತಾರೆ. ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಊರಿನ ಡಾಕ್ಟರ್ ರಿಪೋರ್ಟ್, ಎಲ್ಲದರ ಝೆರಾಕ್ಸ್ ಎರಡೆರಡು ಇಟ್ಟುಕೊಳ್ಳಿ. ದಾದರ್‌ನಲ್ಲಿ ಗಾಡಗೆ ಮಹಾರಾಜ್ ಧರ್ಮಶಾಲೆ ಇದೆ, ಕ್ಯಾನ್ಸರ್ ಪೇಷಂಟ್‌ಗಳು ಅಲ್ಲಿ ಉಳಿಯುತ್ತಾರೆ. ಮಗುವಿಗೆ ಕ್ಯಾನ್ಸರ್ ಇದ್ದರೆ ಸೇಂಟ್ ಜೂಡ್ ಕೇಂದ್ರಗಳನ್ನು ವಿಚಾರಿಸಿ, 2006ರಿಂದ ಮುಂಬೈಯಲ್ಲಿವೆ, ಮಗು ಮತ್ತು ತಂದೆತಾಯಿಗೆ ಉಚಿತ ವಸತಿ.

ಇನ್ನು ಇಲ್ಲಿರುವ ನಮ್ಮವರಿಗೆ. ನಿಮ್ಮ ಸಭೆಯಲ್ಲಿ ಯಾರಿಗಾದರೂ ಇಂಥ ಫೋನ್ ಬಂದರೆ, "ಪ್ರಾರ್ಥನೆ ಮಾಡ್ತೀವಿ" ಅಂತ ಇಟ್ಟುಬಿಡಬೇಡಿ. ಕನ್ನಡ, ಹಿಂದಿ ಎರಡೂ ಬರುವ ಒಬ್ಬರು ಒಪಿಡಿ ದಿನ ಜೊತೆಗೆ ಹೋಗಿ ನಿಂತರೆ, ಡಾಕ್ಟರ್ ಹೇಳಿದ್ದು ಅವರಿಗೆ ಅರ್ಥವಾದರೆ, ಮಧ್ಯಾಹ್ನ ಒಂದು ಡಬ್ಬಿ ಅನ್ನ ಸಾರು ತಲುಪಿದರೆ, ಅವರು ಇನ್ನೊಂದು ತಿಂಗಳು ತಡೆದುಕೊಳ್ಳುತ್ತಾರೆ.

ಮಗು ಹೋಯ್ತು. "ದೇವರಿಗೆ ಬೇಕಾಗಿತ್ತು, ಕರ್ಕೊಂಡ" ಅಂತಾರೆ. ಕೇಳಿದರೆ ಮೈ ಉರಿಯುತ್ತೆ.

ಉರಿಯಲೇಬೇಕು. ಆ ಮಾತು ಬೈಬಲ್‌ನಲ್ಲಿ ಎಲ್ಲೂ ಇಲ್ಲ. ಲಾಜರ ಸತ್ತಾಗ ಯೇಸು ಅವನನ್ನು ಇನ್ನು ಸ್ವಲ್ಪ ಹೊತ್ತಿಗೆ ಎಬ್ಬಿಸಲಿದ್ದರು. ಅದು ಅವರಿಗೆ ಗೊತ್ತಿತ್ತು. ಆದರೂ ಅವನ ಸಹೋದರಿ ಮರಿಯಳು ಅಳುವುದನ್ನು ನೋಡಿ ತಾವೂ ಅತ್ತರು. ಸಾವನ್ನು ಬೈಬಲ್ ಶತ್ರು ಅಂತ ಕರೆಯುತ್ತದೆ (1 ಕೊರಿಂಥ 15:26), ದೇವರ ಆಳು ಅಂತಲ್ಲ.

ನೋಡಲು ಹೋಗುವವರಿಗೆ ಒಂದೇ ಮಾತು. ಯೋಬನ ಗೆಳೆಯರು ಮಾಡಿದ ಒಳ್ಳೆ ಕೆಲಸ ಅಂದರೆ ಬಂದು 7 ದಿನ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತದ್ದು. ಬಾಯಿ ತೆಗೆದ ಮೇಲೆ ಎಲ್ಲಾ ಕೆಟ್ಟಿತು. ಹೋಗಿ, ಕೂತುಕೊಳ್ಳಿ, ಪಾತ್ರೆ ತೊಳೆಯಿರಿ, ಮಗುವಿನ ಹೆಸರು ಹೇಳಿ ನೆನಪು ಮಾಡಿಕೊಳ್ಳಿ. ವರ್ಷ ಕಳೆದ ಮೇಲೂ ಆ ತಾರೀಕಿಗೆ ಫೋನ್ ಮಾಡಿ. ಎಲ್ಲರೂ ಮರೆತಿರುತ್ತಾರೆ, ತಾಯಿ ಮರೆತಿರುವುದಿಲ್ಲ.

ಸಾಕಾಗಿದೆ. ಸತ್ತು ಹೋಗಬೇಕು ಅನಿಸುತ್ತೆ. ಹೀಗೆ ಅನಿಸೋದೇ ಪಾಪ ಅಂತಾರೆ.

ಇದನ್ನು ಓದುತ್ತಿರುವಾಗಲೇ ಹಾಗೆ ಅನಿಸುತ್ತಿದ್ದರೆ, ಓದುವುದು ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಆಮೇಲೆ ಹತ್ತಿರದ ಒಬ್ಬರಿಗೆ ಹೇಳಿ, ರಾತ್ರಿ ಒಬ್ಬರೇ ಇರಬೇಡಿ.

ಪ್ರವಾದಿ ಎಲೀಯನಿಗೂ ಹಾಗೇ ಅನಿಸಿತ್ತು. ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಅಂದ (1 ಅರಸು 19). ದೇವರು ಪ್ರಸಂಗ ಮಾಡಲಿಲ್ಲ. ಮಲಗಲು ಬಿಟ್ಟರು. ದೂತ ಬಂದು ಮುಟ್ಟಿ ಎಬ್ಬಿಸಿದ, ಬಿಸಿ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ, ಊಟ ಮಾಡು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂದ. ಮಾತು, ಬೆಟ್ಟ, ಮುಂದಿನ ಕೆಲಸ ಎಲ್ಲಾ ಆಮೇಲೆ ಬಂತು. ಹಾಗೆ ಅನಿಸಿದ್ದನ್ನು ದೇವರು ಪಾಪ ಅಂತ ಹಿಡಿಯಲಿಲ್ಲ. ನೀವೂ ನಿಮ್ಮನ್ನು ಹಿಡಿಯಬೇಡಿ.

ಕಷ್ಟದಿಂದಲೇ ಒಳ್ಳೇದಾಗುತ್ತೆ ಅಂತಾರಲ್ಲ, ಅದು ಸರಿನಾ?

ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಗಟ್ಟಿ ಗುಣ, ಅದರಿಂದ ನಿರೀಕ್ಷೆ ಹುಟ್ಟುತ್ತದೆ ಅಂತ ರೋಮಾ 5ರಲ್ಲಿದೆ. ನಿಜ. ಆದರೆ ಪೌಲ ತನ್ನ ಕಷ್ಟದ ಬಗ್ಗೆ ಬರೆದ ಮಾತು ಅದು. ಬೇರೆಯವರ ಕಷ್ಟ ನೋಡಿ "ನಿಮಗೆ ಒಳ್ಳೇದೇ ಆಗುತ್ತೆ ಬಿಡಿ" ಅನ್ನಲು ಕೊಟ್ಟದ್ದಲ್ಲ. ನೋವು ಕೆಟ್ಟದ್ದೇ. ಕೆಟ್ಟದ್ದರೊಳಗೂ ದೇವರು ಕೆಲಸ ಮಾಡಬಲ್ಲರು ಅನ್ನುವುದು ನಮ್ಮ ನಂಬಿಕೆ, ಅದು ಕೂಡ ಎಷ್ಟೋ ವರ್ಷದ ಮೇಲೆ ಹಿಂತಿರುಗಿ ನೋಡಿದಾಗ ಕಾಣಿಸಬಹುದು, ಕಾಣಿಸದೆಯೂ ಇರಬಹುದು.

ಡಾಕ್ಟರ್ ಇನ್ನು ಏನೂ ಮಾಡೋಕಾಗಲ್ಲ ಅಂದರು. ಈಗಲೂ ವಾಸಿಯಾಗಲಿ ಅಂತ ಪ್ರಾರ್ಥನೆ ಮಾಡಬೇಕಾ?

ಮಾಡಿ. ಜೊತೆಗೆ ಅವರಿಗೆ ನೋವು ಕಮ್ಮಿಯಾಗಲಿ, ಭಯ ಹೋಗಲಿ, ಹೇಳಬೇಕಾದ ಮಾತು ಹೇಳಿ ಮುಗಿಯಲಿ ಅಂತಲೂ ಮಾಡಿ. ಪೇಷಂಟ್ ಸಾವಿನ ಬಗ್ಗೆ ಮಾತಾಡಲು ಬಂದರೆ "ಹಾಗೆಲ್ಲ ಅನ್ನಬಾರದು, ನಂಬಿಕೆ ಇಡಿ" ಅಂತ ಬಾಯಿ ಮುಚ್ಚಿಸಬೇಡಿ. ಎಷ್ಟೋ ಜನಕ್ಕೆ ಅದನ್ನು ಹೇಳಿಕೊಳ್ಳಲು ಯಾರೂ ಸಿಗದೆ ಹೋಗಿಬಿಡುತ್ತಾರೆ.

ಗುಣಪಡಿಸಲು ಆಗದಿದ್ದರೂ ನೋವಿಗೆ ಚಿಕಿತ್ಸೆ ಇದೆ. ಬಾಂದ್ರಾದ ಮೌಂಟ್ ಮೇರಿ ಹತ್ತಿರ ಶಾಂತಿ ಅವೇದನಾ ಸದನ ಇದೆ. 1986ರಲ್ಲಿ ಶುರುವಾಯಿತು, ಭಾರತದ ಮೊದಲ ಹಾಸ್ಪೈಸ್. ಕೊನೆ ಹಂತದ ಕ್ಯಾನ್ಸರ್‌ನವರನ್ನು ಜಾತಿ ಧರ್ಮ ನೋಡದೆ ಉಚಿತವಾಗಿ ನೋಡಿಕೊಳ್ಳುತ್ತಾರೆ. ಗೋವಾದಲ್ಲೂ ಅವರದೊಂದು ಮನೆ ಇದೆ, ವಾಸ್ಕೋ, ಮಡಗಾಂವ್ ಕಡೆಯ ಕನ್ನಡದವರು ಅಲ್ಲಿ ವಿಚಾರಿಸಬಹುದು. ಅಲ್ಲಿಗೆ ಸೇರಿಸುವುದು ನಂಬಿಕೆ ಕೈಬಿಟ್ಟ ಹಾಗೆ ಅಲ್ಲ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ನಂಬಿಕೆಯಿಂದ ಸಿಂಹದ ಬಾಯಿ ಕಟ್ಟಿದವರೂ ಇದ್ದಾರೆ, ಅದೇ ನಂಬಿಕೆಯಿಂದ ಬಿಡುಗಡೆ ಸಿಗದೆ ಸತ್ತವರೂ ಇದ್ದಾರೆ. ಇಬ್ಬರೂ ಒಂದೇ ಪಟ್ಟಿಯಲ್ಲಿ. ಅವರೆಲ್ಲ ಕಾದದ್ದು ಪುನರುತ್ಥಾನಕ್ಕೆ, ನಾವೂ ಅದಕ್ಕೇ ಕಾಯುತ್ತಿದ್ದೇವೆ.

ಸಭೆಗೆ ಹೋಗದೆ ತುಂಬಾ ದಿನ ಆಯ್ತು. ಈಗ ಹೋದರೆ ಏನಂತಾರೋ?

ಕೆಲವರು ಏನಾದರೂ ಅಂದೇ ಅನ್ನುತ್ತಾರೆ. "ಎಲ್ಲಿ ಹೋಗಿದ್ರಿ ಇಷ್ಟು ದಿನ" ಅಂತ ಕೇಳಿದರೆ "ಕಷ್ಟದಲ್ಲಿದ್ದೆ" ಅಂತ ನಿಜ ಹೇಳಿ. ಹಾಡಲು ಆಗದಿದ್ದರೆ ಹಾಡಬೇಡಿ, ಎದ್ದು ಸಾಕ್ಷಿ ಹೇಳಲೇಬೇಕು ಅಂತಿಲ್ಲ, ಮಧ್ಯದಲ್ಲಿ ಎದ್ದು ಬರಬೇಕು ಅನಿಸಿದರೆ ಬನ್ನಿ. ಒಬ್ಬರೇ ಹೋಗಲು ಧೈರ್ಯ ಬಾರದಿದ್ದರೆ ಸಭೆಯಲ್ಲಿ ನಿಮಗೆ ಹತ್ತಿರದವರು ಒಬ್ಬರಿಗೆ ಶನಿವಾರವೇ ಫೋನ್ ಮಾಡಿ, "ನಾಳೆ ಬರ್ತೀನಿ, ಸ್ಟೇಷನ್ ಹತ್ತಿರ ಸಿಗಿ, ಜೊತೆಗೇ ಹೋಗೋಣ" ಅಂತ ಹೇಳಿ.